ನೀರಲ್ಲಿ ಆಂಟಿಬಯೋಟಿಕ್ ಹುಡುಕುವ ಸೆನ್ಸರ್: ಕಾಲೇಜು ಲ್ಯಾಬಿನಲ್ಲಿ ಮಾಡುವ ಬಗೆ

ನೀರಲ್ಲಿ ಔಷಧಿ ಇದೆಯಾ ಅಂತ ನೋಡಬೇಕಾದರೆ ಸಾಮಾನ್ಯವಾಗಿ ಎಚ್‌ಪಿಎಲ್‌ಸಿ ಬೇಕು, ಅಂದರೆ ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಮಷೀನು. ಅದಕ್ಕೆ ಕಾಲಂ ಬೇಕು, ದುಬಾರಿ ದ್ರಾವಕ ಬೇಕು, ಮಷೀನು ಇರುವ ಕಾಲೇಜಿನವರು ಸಮಯ ಕೊಡಬೇಕು. ಕಲಬುರಗಿ, ಬೀದರ್, ಯಾದಗಿರಿಯ ಎಷ್ಟೋ ಎಂ.ಎಸ್ಸಿ. ವಿದ್ಯಾರ್ಥಿಗಳ ಪ್ರಾಜೆಕ್ಟ್ ಇಲ್ಲಿಗೇ ನಿಂತುಬಿಡುತ್ತದೆ. ಆದರೆ ಪೆನ್ಸಿಲ್ ಕಡ್ಡಿ, ಸುಲಭವಾಗಿ ಸಿಗುವ ಒಂದು ಮಾನೋಮರ್ (ಒಂದಕ್ಕೊಂದು ಸೇರಿ ಪಾಲಿಮರ್ ಆಗುವ ಚಿಕ್ಕ ಅಣು), ಒಂದು ಪೊಟೆನ್ಷಿಯೋಸ್ಟಾಟ್ (ಬೇಕಾದ ವೋಲ್ಟ್ ಕೊಟ್ಟು ಕರೆಂಟ್ ಅಳೆಯುವ ಯಂತ್ರ) ಇದ್ದರೆ ಔಷಧಿಯನ್ನು ಗುರುತಿಸುವ ಸೆನ್ಸರನ್ನು ನಾವೇ ಮಾಡಬಹುದು. ಹೇಗೆ ಅನ್ನೋದನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಇದರ ಹೆಸರು ಮಾಲಿಕ್ಯುಲರ್ಲಿ ಇಂಪ್ರಿಂಟೆಡ್ ಪಾಲಿಮರ್. ಲ್ಯಾಬಿನಲ್ಲಿ ಎಲ್ಲರೂ ಎಂಐಪಿ ಅನ್ನುತ್ತಾರೆ. ಹಸಿ ಸಿಮೆಂಟಿನ ಮೇಲೆ ನಾಯಿ ನಡೆದುಹೋದರೆ ಹೆಜ್ಜೆ ಗುರುತು ಉಳಿಯುತ್ತದಲ್ಲ, ಹಾಗೇ ಇದು. ಔಷಧಿಯ ಅಣುಗಳು ಸುತ್ತಲೂ ಇರುವಾಗಲೇ ಪಾಲಿಮರ್ ಗಟ್ಟಿಯಾಗಬೇಕು. ಆಮೇಲೆ ಔಷಧಿಯನ್ನು ತೊಳೆದು ತೆಗೆದರೆ ಅದರ ಆಕಾರದ ಗುಂಡಿಗಳು ಉಳಿಯುತ್ತವೆ. ಅದೇ ಔಷಧಿ ಮತ್ತೆ ಬಂದರೆ ಅಲ್ಲಿ ಕೂರುತ್ತದೆ. ಜರ್ಮನಿಯಲ್ಲಿ ಗುಂಟರ್ ವುಲ್ಫ್ 1972ರಲ್ಲೇ ಈ ದಾರಿ ತೋರಿಸಿದರು. ಸ್ವೀಡನ್ನಿನ ಕ್ಲಾಸ್ ಮೊಸ್ಬಾಕ್ 1980ರ ದಶಕದ ಶುರುವಿನಲ್ಲಿ ಅದನ್ನು ಇನ್ನಷ್ಟು ಸರಳ ಮಾಡಿದರು. ವಿದ್ಯುತ್ತಿನಿಂದ ಎಲೆಕ್ಟ್ರೋಡಿನ ಮೇಲೇ ಈ ಪದರ ಬೆಳೆಸುವ ಕೆಲಸವನ್ನು ಇಟಲಿಯ ಮಾಲಿಟೆಸ್ಟಾ ಮತ್ತು ಜೊತೆಗಾರರು 1999ರಲ್ಲಿ ಮಾಡಿದರು. ಅವರು ಬಳಸಿದ ಮಾನೋಮರ್ ಆರ್ಥೊ ಫಿನೈಲೀನ್ ಡೈಅಮೀನ್. ನಾವೂ ಅದನ್ನೇ ಬಳಸೋಣ. ಇನ್ನು ಮುಂದೆ ಅದಕ್ಕೆ ಒಪಿಡಿ ಅಂತ ಕರೆಯುತ್ತೇನೆ.

ಯಾವ ಔಷಧಿ ಆರಿಸಬೇಕು?

ಎಲ್ಲರೂ ಮೊದಲು ಹೇಳುವುದು ಪ್ಯಾರಾಸಿಟಮಾಲ್. ಅಗ್ಗ, ಎಲ್ಲ ಕಡೆ ಸಿಗುತ್ತದೆ. ಆದರೆ ಈ ವಿಧಾನಕ್ಕೆ ಅದು ಸರಿಯಲ್ಲ. ಒಪಿಡಿ ಪದರ ಬೆಳೆಸಲು ನಾವು 0.8 ವೋಲ್ಟ್‌ವರೆಗೆ ಹೋಗಬೇಕು. ಅಷ್ಟರಲ್ಲಿ ಪ್ಯಾರಾಸಿಟಮಾಲ್ ತಾನೇ ಆಕ್ಸಿಡೈಸ್ ಆಗಿ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡು, ಬೇರೆ ವಸ್ತುವಾಗಿರುತ್ತದೆ. ಯಾರ ಅಚ್ಚು ಬಿತ್ತು ಅನ್ನೋದೇ ಗೊತ್ತಾಗಲ್ಲ.

ಸಿಪ್ರೊಫ್ಲಾಕ್ಸಾಸಿನ್ ಆರಿಸಿ. ಅದು ಆಕ್ಸಿಡೈಸ್ ಆಗುವುದು 1 ವೋಲ್ಟ್ ಆಸುಪಾಸಿನಲ್ಲಿ, ಹಾಗಾಗಿ ಪದರ ಬೆಳೆಯುವಾಗ ಹಾಳಾಗುವುದಿಲ್ಲ. ನಮ್ಮ ಭಾಗಕ್ಕೆ ಅದು ಸಂಬಂಧಪಟ್ಟ ವಿಷಯವೂ ಹೌದು. ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಗಳಲ್ಲಿ ಔಷಧಿ ಮತ್ತು ರಾಸಾಯನಿಕ ಘಟಕಗಳಿವೆ. ಹುಮನಾಬಾದಿನಲ್ಲಿ ಹೈದರಾಬಾದ್ ಬಸ್ ಹತ್ತಿದರೆ ದಾರಿಯಲ್ಲೇ ಪಟಾಂಚೆರು ಸಿಗುತ್ತದೆ. ಅಲ್ಲಿನ ಔಷಧಿ ಕಾರ್ಖಾನೆಗಳ ಕೊಳೆನೀರಿನ ಶುದ್ಧೀಕರಣ ಘಟಕದಿಂದ ಹೊರಬಂದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಇತ್ತು ಅಂತ ಸ್ವೀಡನ್ನಿನ ಲಾರ್ಸನ್ ತಂಡ 2007ರಲ್ಲಿ ವರದಿ ಮಾಡಿತ್ತು. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಬಗ್ಗೆ ಮಾತು ಬಂದಾಗೆಲ್ಲ ಜಗತ್ತಿನ ವಿಜ್ಞಾನಿಗಳು ಈ ಅಂಕಿ ಎತ್ತುತ್ತಾರೆ.

ಈಗಲೇ ಒಂದು ಲೆಕ್ಕ ಮಾಡಿಕೊಳ್ಳಿ. ಸಿಪ್ರೊಫ್ಲಾಕ್ಸಾಸಿನ್ ಅಣುತೂಕ 331.3. ಅಂದರೆ 1 ಮೈಕ್ರೊಮೋಲಾರ್ ಅಂದರೆ ಲೀಟರಿಗೆ 331 ಮೈಕ್ರೊಗ್ರಾಂ. ಪಟಾಂಚೆರಿನ ಆ 31 ಮಿಲಿಗ್ರಾಂ ಸುಮಾರು 94 ಮೈಕ್ರೊಮೋಲಾರ್. ನಮ್ಮ ಪೆನ್ಸಿಲ್ ಕಡ್ಡಿಗೆ ಇದು ಸಲೀಸಾಗಿ ಕಾಣುತ್ತದೆ. ಆದರೆ ಸಾಮಾನ್ಯ ನದಿ ನೀರಿನಲ್ಲಿ ಇಂಥ ಔಷಧಿಗಳು ನ್ಯಾನೊಗ್ರಾಂ ಲೆಕ್ಕದಲ್ಲಿ ಇರುತ್ತವೆ. ಭೀಮಾ ನದಿಯಲ್ಲಿ ಕಡ್ಡಿ ಅದ್ದಿ "ಔಷಧಿ ಇಲ್ಲ" ಅಂತ ಬರೆದರೆ ಅದಕ್ಕೆ ಅರ್ಥವಿಲ್ಲ. ಮಾತ್ರೆ, ಕಾರ್ಖಾನೆಯ ಹೊರನೀರು, ಬೇಕೆಂದೇ ಔಷಧಿ ಬೆರೆಸಿದ ಬೋರ್‌ವೆಲ್ ನೀರು: ಮೊದಲ ಪ್ರಾಜೆಕ್ಟಿಗೆ ಇಷ್ಟು ಸಾಕು.

ಬೇಕಾಗುವ ಸಾಮಾನು

ಪೊಟೆನ್ಷಿಯೋಸ್ಟಾಟ್ ಒಂದೇ ದೊಡ್ಡ ಖರ್ಚು. ಇಲ್ಲದಿದ್ದರೆ ಕೊಳ್ಳಲು ಓಡಬೇಡಿ. ವಿಶ್ವವಿದ್ಯಾಲಯದ ವಿಭಾಗಗಳಲ್ಲಿ ವಿಚಾರಿಸಿ. ಕೈಯಾರೆ ಮಾಡುವ ಹುಮ್ಮಸ್ಸಿದ್ದರೆ 2011ರಲ್ಲಿ ಪ್ರಕಟವಾದ ಚೀಪ್‌ಸ್ಟಾಟ್‌ನಂಥ ತೆರೆದ ವಿನ್ಯಾಸಗಳಿವೆ. ಅದರ ಬಿಡಿಭಾಗಗಳಿಗೆ 80 ಡಾಲರಿಗಿಂತ ಕಡಿಮೆ ಸಾಕು ಅಂತ ಮಾಡಿದವರು ಬರೆದಿದ್ದರು. ಲ್ಯಾಪ್‌ಟಾಪಿನ ಯುಎಸ್‌ಬಿಯಲ್ಲಿ ಓಡುವ ಚಿಕ್ಕ ಯಂತ್ರ ನಮ್ಮೂರಿಗೆ ಒಳ್ಳೆಯದು. ಕರೆಂಟ್ ಹೋದರೂ ಬ್ಯಾಟರಿ ಮೇಲೆ ನಡೆಯುತ್ತದೆ. ಪದರ ಬೆಳೆಯುವ ನಡುವೆ ಕರೆಂಟ್ ಹೋದರೆ ಆ ಎಲೆಕ್ಟ್ರೋಡ್ ಬಿಸಾಡಬೇಕು. ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸುತ್ತೇನೆ ಅಂದರೆ ಆಗಲ್ಲ.

ಮೂರು ಎಲೆಕ್ಟ್ರೋಡ್ ಬೇಕು. ವೋಲ್ಟ್ ಹೋಲಿಸಿ ನೋಡುವ ರೆಫರೆನ್ಸ್‌ಗೆ ಬೆಳ್ಳಿ-ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್, ಕರೆಂಟಿನ ದಾರಿ ಪೂರ್ತಿ ಮಾಡುವ ಕೌಂಟರ್‌ಗೆ ಪ್ಲಾಟಿನಂ ತಂತಿ. ಕೆಲಸದ ಎಲೆಕ್ಟ್ರೋಡ್‌ಗೆ ಮೆಕ್ಯಾನಿಕಲ್ ಪೆನ್ಸಿಲ್ಲಿಗೆ ಹಾಕುವ 0.5 ಮಿ.ಮೀ. ಕಡ್ಡಿ, ಎಚ್‌ಬಿ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಸಿಗುತ್ತದೆ. ಒಂದೇ ಕಂಪನಿಯ, ಒಂದೇ ಬ್ಯಾಚಿನ ಡಬ್ಬಿಗಳನ್ನು ಒಟ್ಟಿಗೇ ತೊಗೊಳ್ಳಿ. ಕಡ್ಡಿಯಲ್ಲಿರುವ ಜೇಡಿ ಮತ್ತು ಅಂಟು ಕಂಪನಿಯಿಂದ ಕಂಪನಿಗೆ ಬೇರೆ. ನಡುವೆ ಬದಲಾಯಿಸಿದರೆ ಹಿಂದಿನ ಅಳತೆಗಳೆಲ್ಲ ದಂಡ.

ದ್ರಾವಣಗಳು ಹೀಗೆ:

ಅಸಿಟೇಟ್ ಬಫರ್ (ಪಿಎಚ್ ಬದಲಾಗದಂತೆ ಹಿಡಿದಿಡುವ ದ್ರಾವಣ), 0.1 ಮೋಲಾರ್, ಪಿಎಚ್ 5.2. ಸೋಡಿಯಂ ಅಸಿಟೇಟ್ ಟ್ರೈಹೈಡ್ರೇಟ್ 5 ಗ್ರಾಂ, ಗ್ಲೇಸಿಯಲ್ ಅಸಿಟಿಕ್ ಆಮ್ಲ 0.77 ಮಿ.ಲೀ., ನೀರು ಸೇರಿಸಿ 500 ಮಿ.ಲೀ. ಪಿಎಚ್ ಮೀಟರಿನಲ್ಲಿ ನೋಡಿ ಸರಿಮಾಡಿ.

ಪ್ರೋಬ್ ದ್ರಾವಣ. ಎಲೆಕ್ಟ್ರೋಡಿನವರೆಗೆ ದಾರಿ ತೆರೆದಿದೆಯಾ ಅಂತ ನೋಡಲು ಇದು. ಪೊಟ್ಯಾಶಿಯಂ ಫೆರಿಸಯನೈಡ್ 165 ಮಿ.ಗ್ರಾಂ, ಫೆರೊಸಯನೈಡ್ ಟ್ರೈಹೈಡ್ರೇಟ್ 211 ಮಿ.ಗ್ರಾಂ, ಪೊಟ್ಯಾಶಿಯಂ ಕ್ಲೋರೈಡ್ 746 ಮಿ.ಗ್ರಾಂ, 100 ಮಿ.ಲೀ. ನೀರಿನಲ್ಲಿ. ಕಂದು ಬಾಟಲಿಯಲ್ಲಿ ಇಡಿ. ಇದಕ್ಕೆ ಆಮ್ಲ ತಾಗಿಸಬೇಡಿ. ಗಟ್ಟಿ ಆಮ್ಲ ಬಿದ್ದರೆ ಹೈಡ್ರೋಜನ್ ಸಯನೈಡ್ ಅನಿಲ ಬರಬಹುದು. ಮುಂದೆ ಬರುವ ತೊಳೆಯುವ ದ್ರಾವಣದಲ್ಲಿ ಆಮ್ಲ ಇದೆ, ಅದರ ಬೀಕರನ್ನು ಇದರ ಪಕ್ಕ ಇಡಲೇಬೇಡಿ.

ಅಚ್ಚಿನ ದ್ರಾವಣ. 50 ಮಿ.ಲೀ. ಬಫರಿಗೆ ಒಪಿಡಿ 54 ಮಿ.ಗ್ರಾಂ, ಸಿಪ್ರೊಫ್ಲಾಕ್ಸಾಸಿನ್ ಹೈಡ್ರೊಕ್ಲೋರೈಡ್ ಮಾನೊಹೈಡ್ರೇಟ್ 38.6 ಮಿ.ಗ್ರಾಂ. ಅಂದರೆ ಒಪಿಡಿ 10 ಮಿಲಿಮೋಲಾರ್, ಔಷಧಿ 2 ಮಿಲಿಮೋಲಾರ್. ಪಿಎಚ್ 7ರ ಹತ್ತಿರ ಈ ಔಷಧಿ ನೀರಲ್ಲಿ ಅಷ್ಟಾಗಿ ಕರಗಲ್ಲ. 5.2ರಲ್ಲಿ ಸಲೀಸಾಗಿ ಕರಗುತ್ತದೆ. ಈ ಪಿಎಚ್ ಆರಿಸಿದ್ದಕ್ಕೆ ಇದೂ ಒಂದು ಕಾರಣ.

ಒಪಿಡಿ ಬಾಟಲಿ ತೆಗೆದಾಗ ಬಣ್ಣ ನೋಡಿ. ಬಿಳಿ ಅಥವಾ ತಿಳಿ ಹಳದಿ ಇದ್ದರೆ ಸರಿ. ಚಾಕೊಲೇಟ್ ಬಣ್ಣಕ್ಕೆ ತಿರುಗಿದ್ದರೆ ಗಾಳಿ ತಾಗಿ ಹಾಳಾಗಿದೆ, ಬಿಸಿ ನೀರಿನಲ್ಲಿ ಕರಗಿಸಿ ಮತ್ತೆ ಹರಳು ಕಟ್ಟಿಸಬೇಕು. ನಮ್ಮ ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲಿಗೆ ಕಪಾಟಿನಲ್ಲಿಟ್ಟ ಒಪಿಡಿ ಬೇಗ ಕಂದುತ್ತದೆ. ಫ್ರಿಜ್ಜಿನಲ್ಲಿ, ಕತ್ತಲಲ್ಲಿ ಇಡಿ. ಇದು ವಿಷಕಾರಿ, ಚರ್ಮಕ್ಕೆ ಅಲರ್ಜಿ ತರುತ್ತದೆ, ಕ್ಯಾನ್ಸರ್ ಶಂಕೆಯೂ ಇದೆ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ತೂಕ ಮಾಡುವಾಗ ಫ್ಯಾನ್ ಬಂದ್ ಮಾಡಿ.

ಎಲೆಕ್ಟ್ರೋಡ್ ತಯಾರಿ

ಕಡ್ಡಿಯನ್ನು ಪೆನ್ಸಿಲ್ಲಿನ ಲೋಹದ ಮೂತಿಯಲ್ಲಿ ಸಿಗಿಸಿ, ಆ ಲೋಹಕ್ಕೆ ತಾಮ್ರದ ತಂತಿ ಬೆಸುಗೆ ಹಾಕಿ. ದ್ರಾವಣದಲ್ಲಿ ಮುಳುಗುವ ಭಾಗ ಸರಿಯಾಗಿ 1 ಸೆಂ.ಮೀ. ಇರಬೇಕು. ಆಗ ಮೇಲ್ಮೈ ಸುಮಾರು 0.16 ಚದರ ಸೆಂ.ಮೀ. ಆಗುತ್ತದೆ. ಉಳಿದ ಭಾಗ ಮುಚ್ಚಲು ಕೆಲವರು ನೇಲ್ ಪಾಲಿಶ್ ಹಚ್ಚುತ್ತಾರೆ. ಮುಂದೆ ಮೆಥನಾಲಿನಲ್ಲಿ ತೊಳೆಯುವಾಗ ಅದು ಕರಗಿ ಎಲೆಕ್ಟ್ರೋಡಿನ ಮೇಲೆಲ್ಲ ಹರಡುತ್ತದೆ. ಪ್ಲಂಬರ್‌ಗಳು ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪ್ ಬಿಗಿಯಾಗಿ ಸುತ್ತಿ, ಅಷ್ಟೇ ಸಾಕು.

ಕಡ್ಡಿಯನ್ನು ಅಸಿಟೇಟ್ ಬಫರಿನಲ್ಲಿಟ್ಟು 1.4 ವೋಲ್ಟ್ ಒಂದು ನಿಮಿಷ ಕೊಡಿ. ಮೇಲಿನ ಕೊಳೆ, ಮೇಣ ಹೋಗುತ್ತದೆ. ತೊಳೆದು ಪ್ರೋಬ್ ದ್ರಾವಣದಲ್ಲಿ ಮೈನಸ್ 0.2ರಿಂದ 0.6 ವೋಲ್ಟ್‌ವರೆಗೆ, ಸೆಕೆಂಡಿಗೆ 50 ಮಿಲಿವೋಲ್ಟ್ ವೇಗದಲ್ಲಿ ಸೈಕ್ಲಿಕ್ ವೋಲ್ಟಾಮೋಗ್ರಾಂ (ವೋಲ್ಟ್ ಏರಿಸಿ ಇಳಿಸುತ್ತಾ ಕರೆಂಟ್ ಬರೆಯುವ ಗ್ರಾಫ್) ತೆಗೆಯಿರಿ. ಮೇಲೊಂದು ಕೆಳಗೊಂದು ಪೀಕ್ ಬರುತ್ತದೆ. ಪುಸ್ತಕದ ಪ್ರಕಾರ ಎರಡರ ನಡುವೆ 59 ಮಿಲಿವೋಲ್ಟ್ ಇರಬೇಕು. ಪೆನ್ಸಿಲ್ಲಿನಲ್ಲಿ ಅಷ್ಟು ಚೆನ್ನಾಗಿ ಬರಲ್ಲ, 100ರ ಆಸುಪಾಸು ಬಂದರೆ ಖುಷಿಪಡಿ. 200 ದಾಟಿದರೆ ಆ ಕಡ್ಡಿ ಬಿಡಿ. ಒಂದು ಡಜನ್ ಕಡ್ಡಿ ಪರೀಕ್ಷಿಸಿ, ಪೀಕ್ ಕರೆಂಟ್ ಹತ್ತಿರ ಹತ್ತಿರ ಇರುವವನ್ನು ಮಾತ್ರ ಆರಿಸಿಟ್ಟುಕೊಳ್ಳಿ. ಬೇಸರದ ಕೆಲಸ, ಆದರೆ ಇಲ್ಲಿ ಕಳೆದ ಒಂದು ಮಧ್ಯಾಹ್ನ ಮುಂದೆ ಒಂದು ತಿಂಗಳು ಉಳಿಸುತ್ತದೆ.

ಗ್ರಾಫ್ ನಡುಗುತ್ತಿದ್ದರೆ ಅದು 50 ಹರ್ಟ್ಜ್ ಕರೆಂಟಿನ ಗದ್ದಲ. ಖಾಲಿ ಎಣ್ಣೆ ಡಬ್ಬಿಯ ಒಂದು ಮಗ್ಗುಲು ಕತ್ತರಿಸಿ, ಸೆಲ್ಲನ್ನು (ಎಲೆಕ್ಟ್ರೋಡುಗಳು ಮುಳುಗಿರುವ ಬೀಕರನ್ನು) ಅದರೊಳಗಿಟ್ಟು, ಡಬ್ಬಿಗೆ ಅರ್ತಿಂಗ್ ಕೊಡಿ. ಗದ್ದಲ ಬಹಳಷ್ಟು ಇಳಿಯುತ್ತದೆ.

ಪದರ ಬೆಳೆಸುವುದು, ಅದರ ಜೋಡಿಯೊಂದಿಗೆ

ಅಚ್ಚಿನ ದ್ರಾವಣಕ್ಕೆ 10 ನಿಮಿಷ ನೈಟ್ರೋಜನ್ ಬಿಡಿ. ಆಮೇಲೆ 0ಯಿಂದ 0.8 ವೋಲ್ಟ್‌ವರೆಗೆ, ಸೆಕೆಂಡಿಗೆ 50 ಮಿಲಿವೋಲ್ಟ್ ವೇಗದಲ್ಲಿ 20 ಸುತ್ತು. ಒಟ್ಟು ಸುಮಾರು 11 ನಿಮಿಷ.

ಪರದೆ ನೋಡುತ್ತಾ ಕೂತಿರಿ, ಎದ್ದು ಚಹಾಕ್ಕೆ ಹೋಗಬೇಡಿ. ಮೊದಲ ಸುತ್ತಿನಲ್ಲಿ ಒಪಿಡಿ ಆಕ್ಸಿಡೈಸ್ ಆಗುವ ದೊಡ್ಡ ಪೀಕ್ ಏಳುತ್ತದೆ. ಹಿಂದಿರುಗುವಾಗ ಅದಕ್ಕೆ ಜೋಡಿ ಪೀಕ್ ಇರಲ್ಲ. ಎರಡನೇ ಸುತ್ತಿನಲ್ಲಿ ಅದೇ ಪೀಕ್ ಧುತ್ತನೆ ಇಳಿಯುತ್ತದೆ. ಮೂರು, ನಾಲ್ಕು, ಐದು ಅಂತ ಹೋದಂತೆ ಗೆರೆ ಚಪ್ಪಟೆಯಾಗುತ್ತಾ, ಕೊನೆಯ ಸುತ್ತುಗಳಲ್ಲಿ ಒಂದರ ಮೇಲೊಂದು ಕೂತುಬಿಡುತ್ತದೆ. ಈ ಪದರ ವಿದ್ಯುತ್ ಹರಿಯಲು ಬಿಡುವುದಿಲ್ಲ. ಬೆಳೆದಷ್ಟೂ ತನ್ನ ಬೆಳವಣಿಗೆಯನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಹಾಗಾಗಿ ತುಂಬಾ ತೆಳುವಾಗಿ, ಸಮನಾಗಿ ಬರುತ್ತದೆ. ಹತ್ತನೇ ಸುತ್ತಾದರೂ ಪೀಕ್ ಇಳಿಯುತ್ತಿಲ್ಲ ಅಂದರೆ ಒಪಿಡಿ ಹಳೆಯದು, ಇಲ್ಲವೇ ಕಡ್ಡಿ ಕೊಳೆಯಾಗಿದೆ.

ಈಗ ಅತಿ ಮುಖ್ಯ ಮಾತು. ಔಷಧಿ ಹಾಕದೆ, ಬರೀ ಒಪಿಡಿಯ ದ್ರಾವಣದಲ್ಲಿ ಇನ್ನೊಂದು ಕಡ್ಡಿಗೆ ಇದೇ ಪದರ ಬೆಳೆಸಿ. ಅದೇ ದಿನ, ಅದೇ ಬಫರ್, ಅಷ್ಟೇ ಸುತ್ತು. ಇದು ಎನ್‌ಐಪಿ, ಅಂದರೆ ಅಚ್ಚು ಬೀಳದ ಪದರ. ಪ್ರಾಜೆಕ್ಟ್ ವಿದ್ಯಾರ್ಥಿಗಳು ತಪ್ಪದೆ ಕೇಳುವುದು ಇದನ್ನೇ: "ಸರ, ಎಂಐಪಿ ಒಂದೇ ಮಾಡಿದ್ರ ನಡಿಯಂಗಿಲ್ಲೇನ್ರಿ?" ನಡೆಯೋದಿಲ್ಲ. ಔಷಧಿ ಗುಂಡಿಯಲ್ಲಿ ಕೂತಿದೆಯೋ ಅಥವಾ ಸುಮ್ನೆ ಪಾಲಿಮರಿಗೆ ಅಂಟಿಕೊಂಡಿದೆಯೋ ಅನ್ನೋದನ್ನು ಹೇಳಬಲ್ಲ ಸಾಕ್ಷಿ ಎನ್‌ಐಪಿ ಒಂದೇ. ಅದಿಲ್ಲದ ಕ್ಯಾಲಿಬ್ರೇಷನ್ ಗ್ರಾಫ್ (ಗೊತ್ತಿರುವ ಸಾಂದ್ರತೆಗಳಿಗೆ ಬಂದ ಅಳತೆಗಳ ಗ್ರಾಫ್) ಎಷ್ಟೇ ಚೆಂದ ಇರಲಿ, ನಾನಂತೂ ನಂಬುವುದಿಲ್ಲ. ಇನ್ನು ಮುಂದಿನ ಪ್ರತಿ ಹಂತವನ್ನೂ ಎರಡಕ್ಕೂ ಮಾಡಿ. ಕೆಲಸ ದುಪ್ಪಟ್ಟು, ಗೊತ್ತು.

ತೊಳೆಯುವುದು

ಮೊದಲು ನೀರಲ್ಲಿ ಅದ್ದಿ ತೆಗೆದು, ಪ್ರೋಬ್ ದ್ರಾವಣದಲ್ಲಿ ಒಂದು ಗ್ರಾಫ್ ತೆಗೆಯಿರಿ. ಮೊದಲಿದ್ದ ಪೀಕ್ ಹೆಚ್ಚುಕಡಿಮೆ ಮಾಯವಾಗಿರಬೇಕು. ಪದರ ದಾರಿ ಮುಚ್ಚಿದೆ ಅಂತ ಅರ್ಥ.

ಆಮೇಲೆ ಕಡ್ಡಿಯನ್ನು ನೀರಲ್ಲಿ ಚೆನ್ನಾಗಿ ತೊಳೆದು, ಮೆಥನಾಲ್ 9 ಭಾಗ, ಅಸಿಟಿಕ್ ಆಮ್ಲ 1 ಭಾಗದ ದ್ರಾವಣದಲ್ಲಿ ನಿಧಾನ ಕಲಕುತ್ತಾ 15 ನಿಮಿಷ ಇಡಿ. ತೆಗೆದು ನೀರಲ್ಲಿ ತೊಳೆದು ಮತ್ತೆ ಪ್ರೋಬ್ ಗ್ರಾಫ್. ಔಷಧಿ ಹೊರಬಂದು ದಾರಿ ತೆರೆದಿದ್ದರೆ ಪೀಕ್ ಮೇಲೇರಿರುತ್ತದೆ. ಇನ್ನೊಂದು 15 ನಿಮಿಷ ತೊಳೆದು ನೋಡಿ. ಪೀಕ್ ಏರುವುದು ನಿಲ್ಲುವವರೆಗೆ ಹೀಗೇ ಮಾಡಿ. ಇಷ್ಟೇ ಹೊತ್ತು ಅಂತ ಮೊದಲೇ ಗೆರೆ ಹಾಕಬೇಡಿ.

ಎನ್‌ಐಪಿಯನ್ನೂ ಅಷ್ಟೇ ಹೊತ್ತು ತೊಳೆಯಬೇಕು. ಅದರ ಪೀಕ್ ಅಷ್ಟಾಗಿ ಏರಬಾರದು, ಏಕೆಂದರೆ ಅದರಲ್ಲಿ ಹೊರಬರೋಕೆ ಔಷಧಿಯೇ ಇಲ್ಲ. ಎರಡರಲ್ಲೂ ಒಂದೇ ಸಮ ಏರಿದರೆ ಖುಷಿಪಡಬೇಡಿ. ಪದರ ಕಿತ್ತು ಬರುತ್ತಿದೆ, ಅಚ್ಚಿನ ಮಾತೇ ಬರಲ್ಲ.

ಯುವಿ ಸ್ಪೆಕ್ಟ್ರೋಮೀಟರ್ ಎಲ್ಲ ಕಾಲೇಜಲ್ಲೂ ಇರುತ್ತೆ ಅಲ್ವಾ? ತೊಳೆದ ದ್ರಾವಣವನ್ನು ಅದರಲ್ಲಿಟ್ಟು 278 ನ್ಯಾನೊಮೀಟರ್ ಸುತ್ತಮುತ್ತ ನೋಡಿ. ಸಿಪ್ರೊಫ್ಲಾಕ್ಸಾಸಿನ್ ಅಲ್ಲಿ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಆದರೆ ಒಪಿಡಿಯ ಚೂರುಗಳೂ ಯುವಿಯಲ್ಲಿ ಹೀರುತ್ತವೆ. ಹಾಗಾಗಿ ಎನ್‌ಐಪಿ ತೊಳೆದ ದ್ರಾವಣವನ್ನೇ ಬ್ಲ್ಯಾಂಕ್ ಮಾಡಿ.

ಅಳೆಯುವುದು

ಇಲ್ಲಿ ನಾವು ಔಷಧಿಯ ಕರೆಂಟನ್ನು ನೇರವಾಗಿ ಅಳೆಯುತ್ತಿಲ್ಲ. ಗುಂಡಿ ಖಾಲಿ ಇದ್ದರೆ ಫೆರಿಸಯನೈಡ್ ಒಳಗೆ ನುಸುಳಿ ಎಲೆಕ್ಟ್ರೋಡನ್ನು ಮುಟ್ಟುತ್ತದೆ, ಕರೆಂಟ್ ಬರುತ್ತದೆ. ಔಷಧಿ ಕೂತರೆ ದಾರಿ ಮುಚ್ಚಿ ಕರೆಂಟ್ ಇಳಿಯುತ್ತದೆ. ಎಷ್ಟು ಇಳಿಯಿತು ಅನ್ನೋದೇ ನಮ್ಮ ಅಳತೆ.

ಕ್ರಮ ಹೀಗೆ. ತೊಳೆದ ಎಲೆಕ್ಟ್ರೋಡಿನ ಕರೆಂಟ್ ಬರೆದುಕೊಳ್ಳಿ. ಅದನ್ನು ಔಷಧಿ ಇರುವ ಬಫರಿನಲ್ಲಿ 10 ನಿಮಿಷ ಇಡಿ. ತೆಗೆದು ಬರೀ ಬಫರಿನಲ್ಲಿ ಒಂದೆರಡು ಸಲ ಅದ್ದಿ. ಪ್ರೋಬ್ ದ್ರಾವಣದಲ್ಲಿ ಮತ್ತೆ ಅಳೆಯಿರಿ. ಯಂತ್ರದಲ್ಲಿ ಡಿಫರೆನ್ಷಿಯಲ್ ಪಲ್ಸ್ ವಿಧಾನ (ವೋಲ್ಟನ್ನು ಚಿಕ್ಕ ಚಿಕ್ಕ ಪಲ್ಸುಗಳಲ್ಲಿ ಕೊಡುವುದು) ಇದ್ದರೆ ಅದನ್ನೇ ಬಳಸಿ, ಪೀಕ್ ಚೊಕ್ಕಟ ಬರುತ್ತದೆ. ಮುಂದಿನ ಅಳತೆಗೆ ಮೊದಲು ಮತ್ತೆ ತೊಳೆದು, ಕರೆಂಟ್ ಹಿಂದಿನ ಮಟ್ಟಕ್ಕೆ ಬಂತಾ ನೋಡಿ.

0.1ರಿಂದ 100 ಮೈಕ್ರೊಮೋಲಾರ್‌ವರೆಗೆ ಏಳೆಂಟು ಸಾಂದ್ರತೆ ಸಾಕು. ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಹೋಗಬೇಡಿ, ಹಿಂದೆ ಮುಂದೆ ಕಲಸಿ ಅಳೆಯಿರಿ. ಸಾಲಾಗಿ ಹೋದರೆ ಎಲೆಕ್ಟ್ರೋಡ್ ಹಳತಾಗುವುದೂ ಔಷಧಿ ಹೆಚ್ಚಾಗುವುದೂ ಗ್ರಾಫಿನಲ್ಲಿ ಒಂದೇ ಥರ ಕಾಣುತ್ತದೆ. ಔಷಧಿ ಇಲ್ಲದ ಬಫರಿನಲ್ಲೂ ಕನಿಷ್ಠ 7 ಸಲ ಅಳೆಯಿರಿ, ಇದೇ ಬ್ಲ್ಯಾಂಕ್. ಔಷಧಿಯ ದ್ರಾವಣಕ್ಕೆ ಬಿಸಿಲು ತಾಗಿಸಬೇಡಿ, ಬೆಳಕಿಗೆ ಅದು ಒಡೆಯುತ್ತದೆ. ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿಡಿ.

ಬಿಸಿಲು ಅಂದಾಗ ನೆನಪಾಯಿತು. ದ್ರಾವಣ ಒಂದು ಡಿಗ್ರಿ ಬಿಸಿಯಾದರೆ ಪ್ರೋಬ್‌ನ ಕರೆಂಟ್ ಸುಮಾರು ಶೇಕಡಾ 1ರಿಂದ 2 ಏರುತ್ತದೆ. ಕಲಬುರಗಿಯ ಏಪ್ರಿಲ್‌ನಲ್ಲಿ ಬೆಳಗ್ಗೆ 9ಕ್ಕೂ ಮಧ್ಯಾಹ್ನ 3ಕ್ಕೂ ಲ್ಯಾಬಿನೊಳಗೇ ಹತ್ತು ಡಿಗ್ರಿ ವ್ಯತ್ಯಾಸ ಇರಬಹುದು. ಅಷ್ಟಕ್ಕೇ ನಿಮ್ಮ ಸಣ್ಣ ಸಾಂದ್ರತೆಗಳ ಸಿಗ್ನಲ್ ಮುಚ್ಚಿಹೋಗುತ್ತದೆ. ಸೆಲ್ಲನ್ನು ನೀರಿನ ತೊಟ್ಟಿಯಲ್ಲಿಟ್ಟು ಉಷ್ಣತೆ ಒಂದೇ ಸಮ ಇರಿಸಿ, ಥರ್ಮಾಮೀಟರ್ ಓದಿ ಪ್ರತಿ ಗ್ರಾಫಿನ ಪಕ್ಕ ಬರೆಯಿರಿ. ಸಾಧ್ಯವಾದರೆ ಬೆಳಗ್ಗೆಯೇ ಕೆಲಸ ಮುಗಿಸಿ.

ಅಂಕಿಗಳನ್ನು ಓದುವುದು

ಒಂದು ಉದಾಹರಣೆ ತೊಗೊಳ್ಳೋಣ. ಎಂಐಪಿಯಲ್ಲಿ ಮೊದಲು 62 ಮೈಕ್ರೊಆಂಪಿಯರ್ ಇತ್ತು, ಔಷಧಿ ಕೂತ ಮೇಲೆ 47. ಇಳಿತ 15, ಅಂದರೆ ಶೇಕಡಾ 24. ಎನ್‌ಐಪಿಯಲ್ಲಿ ಮೊದಲು 9, ಆಮೇಲೆ 8.4. ಇಳಿತ 0.6, ಶೇಕಡಾ 6.7.

ಈಗ ಅಚ್ಚು ಎಷ್ಟು ಚೆನ್ನಾಗಿ ಬಿದ್ದಿದೆ ಅಂತ ಹೇಳಲು ಎರಡನ್ನೂ ಭಾಗಿಸುತ್ತೇವೆ. ಇದಕ್ಕೆ ಇಂಪ್ರಿಂಟಿಂಗ್ ಫ್ಯಾಕ್ಟರ್ ಅನ್ನುತ್ತಾರೆ. ಮೈಕ್ರೊಆಂಪಿಯರ್ ಲೆಕ್ಕದಲ್ಲಿ 15 ಭಾಗಿಸು 0.6, ಅಂದರೆ 25. ಶೇಕಡಾ ಲೆಕ್ಕದಲ್ಲಿ 24 ಭಾಗಿಸು 6.7, ಸುಮಾರು 3.6. ಅದೇ ಪ್ರಯೋಗ, ಅದೇ ದಿನ, ಎರಡು ಉತ್ತರ! ರಿಪೋರ್ಟಿನಲ್ಲಿ 25 ಬರೆಯೋಕೆ ಕೈ ತುರಿಸುತ್ತದೆ. ಆದರೆ ಎನ್‌ಐಪಿಯ ಕರೆಂಟೇ ಚಿಕ್ಕದು, ಅದರಲ್ಲಿ 15 ಇಳಿಯಲು ಜಾಗವೇ ಇಲ್ಲ. ಹಾಗಾಗಿ 3.6 ಬರೆಯಿರಿ, ಪಕ್ಕದಲ್ಲೇ ನಾಲ್ಕೂ ಕರೆಂಟುಗಳನ್ನು ಕೊಡಿ. 2ಕ್ಕಿಂತ ಮೇಲಿದ್ದರೆ ಅಚ್ಚು ಬಿದ್ದಿದೆ ಅನ್ನಬಹುದು. 1.2, 1.3 ಅಂತ ಬಂದರೆ ಬರೀ ಅಂಟಿಕೊಳ್ಳುವಿಕೆ.

ಕೆಲವು ಸಲ ಔಷಧಿ ಹಾಕಿದ ಮೇಲೆ ಕರೆಂಟ್ ಇಳಿಯುವ ಬದಲು ಏರುತ್ತದೆ. ಗಾಬರಿಯಾಗಬೇಡಿ. ಪಿಎಚ್ 5.2ರಲ್ಲಿ ಸಿಪ್ರೊಫ್ಲಾಕ್ಸಾಸಿನ್ ಮೇಲೆ ಧನ ಚಾರ್ಜ್ ಇರುತ್ತದೆ, ಫೆರಿಸಯನೈಡ್ ಮೇಲೆ ಋಣ ಚಾರ್ಜ್. ಪದರದ ಹೊರಮೈಗೆ ಔಷಧಿ ಅಂಟಿದರೆ ಅದು ಪ್ರೋಬನ್ನು ತನ್ನತ್ತ ಎಳೆದುಕೊಳ್ಳಬಹುದು. ಎನ್‌ಐಪಿಯಲ್ಲೂ ಹಾಗೇ ಏರಿದರೆ ಕಾರಣ ಅದೇ. ಔಷಧಿಯಿಂದ ತೆಗೆದ ಮೇಲೆ ಬಫರಿನಲ್ಲಿ ಅದ್ದುವುದನ್ನು ಹೆಚ್ಚಿಸಿ.

ಲಾಗ್ ಗ್ರಾಫಿನ ಬಗ್ಗೆ ಒಂದು ಮಾತು. ಸಾಂದ್ರತೆಯನ್ನು ಲಾಗ್‌ನಲ್ಲಿ ಹಾಕಿದರೆ ಎಂಥ ಸೊಟ್ಟ ಗೆರೆಯೂ ನೆಟ್ಟಗೆ ಕಾಣುತ್ತದೆ. ಹಾಕಿ, ತಪ್ಪಿಲ್ಲ. ಆದರೆ ಕನಿಷ್ಠ ಪತ್ತೆ ಮಿತಿ ಲೆಕ್ಕ ಹಾಕುವಾಗ ಬಳಸುವ 3.3 ಗುಣಿಸು ಬ್ಲ್ಯಾಂಕಿನ ಏರಿಳಿತ ಭಾಗಿಸು ಇಳಿಜಾರು ಅನ್ನುವ ಸೂತ್ರಕ್ಕೆ ಲಾಗ್ ಇಲ್ಲದ, ನೇರ ಗೆರೆಯ ಕೆಳಭಾಗದ ಇಳಿಜಾರೇ ಬೇಕು. ಲಾಗ್ ಗ್ರಾಫಿನ ಇಳಿಜಾರನ್ನು ಅದರಲ್ಲಿ ತುರುಕಿದ ಪೇಪರ್‌ಗಳು ಬೇಕಾದಷ್ಟಿವೆ. ಅಲ್ಲಿ ಬರುವ ಫೆಮ್ಟೊಮೋಲಾರ್ ಅಂಕಿ ನೋಡಿ ನಿಮ್ಮದು ಕೆಟ್ಟದು ಅಂದುಕೊಳ್ಳಬೇಡಿ.

ಆಯ್ಕೆಶಕ್ತಿ ನೋಡಲು ಪ್ಯಾರಾಸಿಟಮಾಲ್, ಗ್ಲೂಕೋಸ್, ಯೂರಿಕ್ ಆಮ್ಲ ಹಾಕಿ "ಯಾವುದೂ ಅಡ್ಡಿ ಮಾಡಲ್ಲ" ಅನ್ನುವುದು ಸುಲಭ. ಅವುಗಳ ಆಕಾರವೇ ಬೇರೆ. ನಾರ್‌ಫ್ಲಾಕ್ಸಾಸಿನ್ ಹಾಕಿ ನೋಡಿ. ಸಿಪ್ರೊಫ್ಲಾಕ್ಸಾಸಿನ್‌ನಲ್ಲಿ ಸೈಕ್ಲೊಪ್ರೊಪೈಲ್ ಇರುವ ಕಡೆ ಅದರಲ್ಲಿ ಈಥೈಲ್ ಇದೆ, ಉಳಿದದ್ದೆಲ್ಲ ಒಂದೇ. ಅದು ಸ್ವಲ್ಪ ಮಟ್ಟಿಗೆ ಕೂತೇ ಕೂರುತ್ತದೆ. ಆ ಅಂಕಿ ಮುಚ್ಚಿಡಬೇಡಿ. ಪರೀಕ್ಷಕರು ಮೊದಲು ಕೇಳುವುದೂ ಅದನ್ನೇ.

ಮೊದಲು ಮಾತ್ರೆ, ಆಮೇಲೆ ನೀರು

ಮಾತ್ರೆಯಲ್ಲಿ ಎಷ್ಟಿದೆ ಅಂತ ಲೇಬಲ್ಲೇ ಹೇಳುತ್ತದೆ, ಹಾಗಾಗಿ ಅದರಿಂದ ಶುರುಮಾಡಿ. ಡಾಕ್ಟರ್ ಚೀಟಿ ಬೇಕಾದ ಔಷಧಿ ಇದು, ನಿಮ್ಮ ಗೈಡ್ ಮೂಲಕ ತರಿಸಿ. ಐದು ಮಾತ್ರೆ ತೂಗಿ, ಅರೆದು, ಒಂದು ಮಾತ್ರೆಯ ಸರಾಸರಿಯಷ್ಟು ಪುಡಿ ತೊಗೊಂಡು ಬಫರಿನಲ್ಲಿ ಕರಗಿಸಿ, ಸೋಸಿ, ತೆಳು ಮಾಡಿ.

ಇಲ್ಲಿ ಒಂದು ಹಳ್ಳ ಇದೆ. ಲೇಬಲ್‌ನ 500 ಮಿ.ಗ್ರಾಂ ಅನ್ನುವುದು ಸಿಪ್ರೊಫ್ಲಾಕ್ಸಾಸಿನ್ ಬೇಸ್‌ನ ಲೆಕ್ಕ. ಒಳಗಿರುವುದು ಹೈಡ್ರೊಕ್ಲೋರೈಡ್ ಮಾನೊಹೈಡ್ರೇಟ್, ಅದರ ತೂಕ 582 ಮಿ.ಗ್ರಾಂ. ಮಾತ್ರೆಗೆ 331.3 ಬಳಸಿ. ನಿಮ್ಮ ಸ್ಟ್ಯಾಂಡರ್ಡ್ ಬಾಟಲಿ ಹೈಡ್ರೊಕ್ಲೋರೈಡ್ ಮಾನೊಹೈಡ್ರೇಟ್ ಆಗಿದ್ದರೆ ಅದಕ್ಕೆ 385.8 ಬಳಸಿ. ಎರಡನ್ನೂ ಕಲಸಿದರೆ ಶೇಕಡಾ 16ರಷ್ಟು ವ್ಯತ್ಯಾಸ ಬರುತ್ತದೆ, ಸೆನ್ಸರ್ ಮೇಲೆ ಸುಳ್ಳು ಆರೋಪ ಬೀಳುತ್ತದೆ.

ಈಗ ನೀರು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದಡಿ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿರುವುದೂ ಅದಕ್ಕೇ. ಬೋರ್‌ವೆಲ್ ನೀರು ಗಡಸು, ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಕುಟುಂಬದ ಔಷಧಿಗಳು ಲೋಹದ ಅಯಾನುಗಳನ್ನು ಹಿಡಿದುಕೊಳ್ಳುತ್ತವೆ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಕಬ್ಬಿಣ, ಅಲ್ಯೂಮಿನಿಯಂ ಎಲ್ಲವನ್ನೂ. ಈ ಮಾತ್ರೆಯನ್ನು ಹಾಲಿನ ಜೊತೆ, ಆಂಟಾಸಿಡ್ ಜೊತೆ ನುಂಗಬೇಡಿ ಅಂತ ಡಾಕ್ಟರ್ ಹೇಳುವುದು ಇದಕ್ಕೇ. ಲೋಹ ಹಿಡಿದ ಅಣುವಿನ ಆಕಾರ ಬೇರೆ, ಗುಂಡಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಡಿಸ್ಟಿಲ್ಡ್ ನೀರಿನಲ್ಲಿ ತೆಗೆದ ಕ್ಯಾಲಿಬ್ರೇಷನ್ ಇಟ್ಟುಕೊಂಡು ಬೋರ್‌ವೆಲ್ ನೀರನ್ನು ಅಳೆದರೆ ಉತ್ತರ ಕಡಿಮೆ ಬರುತ್ತದೆ.

ಮೂರು ಉಪಾಯ. ಒಂದು, ಪಿಎಚ್ 5.2ರಲ್ಲೇ ಇರಿ. ಆ ಪಿಎಚ್‌ನಲ್ಲಿ ಔಷಧಿ ಲೋಹವನ್ನು ಅಷ್ಟು ಬಿಗಿಯಾಗಿ ಹಿಡಿಯಲ್ಲ. ಫಾಸ್ಫೇಟ್ ಬಫರ್ ಪಿಎಚ್ 7 ಬಳಸಿದರೆ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಬಿಳಿಯಾಗಿ ಕೂತು ಎಲೆಕ್ಟ್ರೋಡಿನ ಮೇಲೂ ಪೊರೆ ಕಟ್ಟುತ್ತದೆ. ಎರಡು, ಇಡಿಟಿಎ ಹಾಕಿ, ಲೋಹದ ಅಯಾನುಗಳನ್ನು ಅದು ತಾನು ಹಿಡಿದುಕೊಳ್ಳುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 500 ಮಿ.ಗ್ರಾಂ ಗಡಸುತನ ಅಂದರೆ 5 ಮಿಲಿಮೋಲಾರ್. ಅದರ ಎರಡರಷ್ಟು, 10 ಮಿಲಿಮೋಲಾರ್ ಇಡಿಟಿಎ ಇರಲಿ: 10 ಮಿ.ಲೀ. ಮಾದರಿಗೆ ಡೈಸೋಡಿಯಂ ಲವಣ 37 ಮಿ.ಗ್ರಾಂ. ಹಾಕಿದ ಮೇಲೆ ಪಿಎಚ್ ಮತ್ತೆ ನೋಡಿ, ಅದು ಇಳಿದಿರುತ್ತದೆ. ನಿಮ್ಮ ನೀರಿನ ಗಡಸುತನ ಎಷ್ಟು ಅಂತ ಬಿ.ಎಸ್ಸಿ.ಯಲ್ಲಿ ಮಾಡಿದ ಟೈಟ್ರೇಷನ್‌ನಲ್ಲೇ ಮೊದಲು ಕಂಡುಹಿಡಿಯಿರಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಸ್ಟ್ಯಾಂಡರ್ಡ್ ಅಡಿಷನ್. ಅದೇ ನೀರಿನ ನಾಲ್ಕು ಭಾಗ ಮಾಡಿ. ಒಂದಕ್ಕೆ ಏನೂ ಹಾಕಬೇಡಿ, ಉಳಿದವಕ್ಕೆ 1, 2, 3 ಮೈಕ್ರೊಮೋಲಾರ್ ಆಗುವಷ್ಟು ಔಷಧಿ ಹಾಕಿ. ನಾಲ್ಕನ್ನೂ ಅಳೆದು ಗೆರೆ ಎಳೆದು ಹಿಂದಕ್ಕೆ ಚಾಚಿದರೆ, ಅಡ್ಡ ಗೆರೆಯನ್ನು ಸೊನ್ನೆಯಿಂದ ಎಡಕ್ಕೆ ಎಷ್ಟು ದೂರದಲ್ಲಿ ಮುಟ್ಟುತ್ತದೋ ಅಷ್ಟೇ ನೀರಿನಲ್ಲಿ ಮೊದಲಿದ್ದ ಪ್ರಮಾಣ. ನೀರಿನ ಗಡಸುತನ, ಉಪ್ಪು ಎಲ್ಲವೂ ನಾಲ್ಕರಲ್ಲೂ ಒಂದೇ ಇರುವುದರಿಂದ ಅದರ ಪ್ರಭಾವ ಬಹುಪಾಲು ಕಳೆದುಹೋಗುತ್ತದೆ. ಆದರೆ ಇದು ನೇರ ಗೆರೆಯ ಭಾಗದಲ್ಲಿ ಮಾತ್ರ ನಡೆಯುತ್ತದೆ, ಲಾಗ್ ಗ್ರಾಫಿನಲ್ಲಿ ನಡೆಯಲ್ಲ.

ಮಳಖೇಡದ ಹತ್ತಿರ ಕಾಗಿಣಾದಿಂದಲೋ, ಬೀದರ್ ಕಡೆಯ ಕಾರಂಜಾದಿಂದಲೋ ನೀರು ತರುವುದಾದರೆ ಕಂದು ಬಾಟಲಿ, ಐಸ್ ಡಬ್ಬಿ ಒಯ್ಯಿರಿ. ಬಂದ ದಿನವೇ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ನದಿಯ ನ್ಯಾನೊಗ್ರಾಂ ಮಟ್ಟ ಹಿಡಿಯಬೇಕಾದರೆ ಸಾಲಿಡ್ ಫೇಸ್ ಕಾರ್ಟ್ರಿಜ್ಜಿನಲ್ಲಿ (ನೀರಿನಿಂದ ಔಷಧಿಯನ್ನು ಹಿಡಿದಿಟ್ಟುಕೊಳ್ಳುವ ಚಿಕ್ಕ ಕೊಳವೆ) ಅರ್ಧ ಲೀಟರ್ ಹಾಯಿಸಿ 5 ಮಿ.ಲೀ.ಗೆ ಇಳಿಸಬೇಕು. ಅದರಿಂದ ಸಿಗುವುದು ನೂರು ಪಟ್ಟು ಮಾತ್ರ, ಅದೂ ಸಾಲದೆ ಹೋಗಬಹುದು. ಕೊನೆಗೆ ಎರಡು ಮೂರು ಮಾದರಿಗಳನ್ನಾದರೂ ಫಾರ್ಮಸಿ ಕಾಲೇಜಿನ ಎಚ್‌ಪಿಎಲ್‌ಸಿಯಲ್ಲಿ ಹೋಲಿಸಿ ನೋಡಿ. ಎಲ್ಲ ಮಾದರಿಗೂ ಅದರ ಹಿಂದೆ ಓಡುವುದಕ್ಕಿಂತ ಇಷ್ಟಕ್ಕೆ ಸಮಯ ಕೇಳುವುದು ಸುಲಭ.

ಉಳಿದ ದ್ರಾವಣ

ಔಷಧಿಯ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ನೀರಲ್ಲಿ ಆಂಟಿಬಯೋಟಿಕ್ ಹುಡುಕುವವರೇ ಅದನ್ನು ನೀರಿಗೆ ಬಿಟ್ಟರೆ ಹೇಗೆ? ಮೂರು ಕ್ಯಾನ್ ಇಡಿ: ಔಷಧಿ ಮತ್ತು ಒಪಿಡಿಯದು ಒಂದು, ಮೆಥನಾಲ್-ಆಮ್ಲದ್ದು ಒಂದು, ಸಯನೈಡ್ ಪ್ರೋಬ್‌ನದು ಬೇರೆಯೇ ಒಂದು. ಮೂರನೆಯದರ ಮೇಲೆ ಕೆಂಪು ಅಕ್ಷರದಲ್ಲಿ "ಆಮ್ಲ ಹಾಕಬಾರದು" ಅಂತ ಕನ್ನಡದಲ್ಲೇ ಬರೆದು ಅಂಟಿಸಿ, ಲ್ಯಾಬ್ ಗುಡಿಸುವ ಅಕ್ಕನಿಗೂ ಒಮ್ಮೆ ಬಾಯಲ್ಲಿ ಹೇಳಿ. ತುಂಬಿದ ಮೇಲೆ ಕಾಲೇಜು ಯಾವ ಅಧಿಕೃತ ಏಜೆನ್ಸಿಗೆ ರಾಸಾಯನಿಕ ತ್ಯಾಜ್ಯ ಕೊಡುತ್ತದೋ ಅವರಿಗೇ ಕೊಡಿ. ಬಳಸಿದ ಕಡ್ಡಿಗಳೂ ಮೊದಲ ಕ್ಯಾನಿಗೇ.